ಊರ ಕಲ್ಲು, ಊರವರ ಹೊಣೆ

ಹೋಟಗಿಯೆಂದೊಡನೆ ಹೊರಗಿನವರಿಗೆ ನೆನಪಾಗುವುದು ಗದಗ-ವಿಜಯಪುರಗಳ ಕಡೆಯಿಂದ ಬರುವ ರೇಲ್ವೆ ದಾರಿಯು ಮುಖ್ಯ ಮಾರ್ಗವನ್ನು ಕೂಡುವ ಜಂಕ್ಷನ್ನು. ಆದರೆ ಈ ಸೀಮೆಯ ಹಿರಿಮೆ ರೇಲ್ವೆಯಿಂದ ಮೊದಲಾದುದಲ್ಲ. ಕಲ್ಯಾಣದ ಚಾಲುಕ್ಯರು ಆಳಿದ ನೆಲವಿದು. ಕಳಚುರಿಗಳ ಮೊದಲ ರಾಜಧಾನಿ ಮಂಗಳವೇಢೆಯೂ, ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆಯೂ ಇದೇ ಜಿಲ್ಲೆಯಲ್ಲಿವೆ. ಆ ಕಾಲದ ಜನರು ಕೊಟ್ಟ ದಾನ, ಕಟ್ಟಿಸಿದ ಗುಡಿಗಳ ಲೆಕ್ಕವನ್ನು ಕನ್ನಡ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಬರೆಯಿಸಿದರು. ಆ ಕಲ್ಲುಗಳನ್ನು ಕಾಯುವವರಾರೆಂಬುದೇ ಪ್ರಸ್ತುತ ವಿಚಾರ.

ಸರಕಾರವು ಈ ಕಾರ್ಯವನ್ನು ಬಹು ಹಿಂದೆಯೇ ಕೈಕೊಂಡಿತು. ಭಾರತೀಯ ಪುರಾತತ್ತ್ವ ಇಲಾಖೆ 1861ರಲ್ಲಿ ಹುಟ್ಟಿತು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯಿದೆಯೂ, 1960ರಲ್ಲಿ ಮಹಾರಾಷ್ಟ್ರದ ಕಾಯಿದೆಯೂ ಆದವು. ಸೊಲ್ಲಾಪುರದ ಕೋಟೆ ಇಂಥ ರಕ್ಷಿತ ಸ್ಮಾರಕಗಳಲ್ಲೊಂದು. ಆದರೆ ಕಾಯಿದೆಯ ಕೈ ಯಾದಿಯಲ್ಲಿ ಹೆಸರಿದ್ದಲ್ಲಿಗೆ ಮಾತ್ರ ಚಾಚುತ್ತದೆ. ಹೊಲದ ಬದುವಿನಲ್ಲಿ, ಅಗಸೆಯ ಮಗ್ಗುಲಲ್ಲಿ, ಹಾಳುಗುಡಿಯ ಹಿಂದೆ ಬಿದ್ದಿರುವ ಕಲ್ಲಿಗೆ ಊರವರಲ್ಲದೆ ಬೇರೆ ಕಾವಲಿಲ್ಲ.

ವಿದ್ವಾಂಸರ ಸೇವೆಯನ್ನೂ ಸ್ಮರಿಸಬೇಕು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ಮುಂಬಯಿ ಪ್ರಾಂತದ ಕನ್ನಡ ಶಾಸನಗಳ ಶೋಧಕ್ಕೆ ನೆಲೆಯಾಯಿತು. ಡಾ. ಶ್ರೀನಿವಾಸ ರಿತ್ತಿ ಹಾಗೂ ಸೊಲ್ಲಾಪುರದ ಆನಂದ ಕುಂಭಾರ ಇವರು ಕೂಡಿ ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಗ್ರಂಥವು 1988ರಲ್ಲಿ ಪ್ರಕಟವಾಯಿತು. ಕುಂಭಾರರು ವೃತ್ತಿಯಿಂದ ಪ್ರಾಧ್ಯಾಪಕರಲ್ಲ. ಹಳ್ಳಿ ಹಳ್ಳಿ ತಿರುಗಿ ಕಲ್ಲುಗಳನ್ನು ಹುಡುಕಿದವರು. ಮರಾಠಿಯಲ್ಲಿ ಬರೆದ ಅವರು ಕನ್ನಡ ಶಾಸನಗಳಿಗಾಗಿ ಅಷ್ಟು ಶ್ರಮಿಸಿದರೆಂಬುದು ನಮಗೆ ಪಾಠವಾಗಬೇಕು.

ಭೀಮಾ-ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲವು ನಮಗೆ ದೂರದ್ದಲ್ಲ. ಅಲ್ಲಿಯ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನದಲ್ಲಿರುವ ಮರಾಠಿ ವಾಕ್ಯವನ್ನು ಕಾಲ ನಮೂದಾದ ಅತಿ ಹಳೆಯ ಮರಾಠಿ ಬರಹಗಳಲ್ಲಿ ಎಣಿಸುತ್ತಾರೆ. 359 ಕಿರುಮುಖಗಳುಳ್ಳ ಲಿಂಗವು ಅಲ್ಲಿಯೇ 1999ರಲ್ಲಿ ದೊರೆಯಿತು. ಅತ್ತ ಶ್ರವಣಬೆಳ್ಗೊಳದ ಗೊಮ್ಮಟನ ಪಾದದ ಬಳಿ ಮರಾಠಿ ಸಾಲುಗಳಿವೆ. ಇತ್ತ ಸೊಲ್ಲಾಪುರ ಸೀಮೆಯಲ್ಲಿ ಕನ್ನಡ ಶಾಸನಗಳಿವೆ. ಶಿಲೆಯ ಮೇಲೆ ಅಕ್ಕತಂಗಿಯರಂತಿದ್ದ ಎರಡು ನುಡಿಗಳನ್ನು ನಾವು ಜಗಳಕ್ಕೆ ಎಳೆಯುವುದು ತರವಲ್ಲ. ಕಲ್ಲು ಉಳಿದರೆ ಇಬ್ಬರ ಇತಿಹಾಸವೂ ಉಳಿಯುತ್ತದೆ.

ದಾನಶಾಸನವೆಂದರೆ ಬರಿಯ ಅರಸನ ಹೊಗಳಿಕೆಯಲ್ಲ. ಶಕವರ್ಷ, ಸಂವತ್ಸರ, ತಿಥಿ, ದಾನಿಯ ಹೆಸರು, ಮತ್ತರುಗಳಲ್ಲಿ ಭೂಮಿಯ ಅಳತೆ, ಅದರ ಎಲ್ಲೆಗಳು ಇವೆಲ್ಲ ಅದರಲ್ಲಿ ಬರುತ್ತವೆ. ಆದುದರಿಂದ ಕಲ್ಲನ್ನು ನಿಂತ ಸ್ಥಳದಿಂದ ಕದಲಿಸಿದರೆ ಅರ್ಧ ಅರ್ಥವೇ ಹೋದಂತೆ. ಸುಣ್ಣ, ಎಣ್ಣೆಬಣ್ಣ ಬಳಿದರೆ ಅಕ್ಷರಗಳು ಮುಚ್ಚುತ್ತವೆ; ಬಟ್ಟೆ ಒಗೆದರೆ ಸವೆಯುತ್ತವೆ. ಬಲ್ಲವರು ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿಯೊತ್ತಿ ಪ್ರತಿ ತೆಗೆಯುತ್ತಾರೆ. ಕೊರೆದ ಅಕ್ಷರಗಳು ಕಪ್ಪಿನ ನಡುವೆ ಬೆಳ್ಳಗೆ ಮೂಡುತ್ತವೆ. ಕಲ್ಲಿಗೆ ಕಿಂಚಿತ್ತೂ ನೋವಾಗುವುದಿಲ್ಲ.

ಅಮೇರಿಕದ ಚಾರ್ಲ್ಸ್‌ಟನ್ ನಗರವು 1931ರಲ್ಲಿಯೇ ತನ್ನ ಹಳೆಯ ಬಡಾವಣೆಯ ರಕ್ಷಣೆಗೆ ಸ್ವತಃ ನಿಯಮ ಮಾಡಿತು. ಮುಂಬಯಿಯಲ್ಲಿ 1995ರಲ್ಲಿ ಅಂಥ ನಿಯಮಗಳು ಬಂದವು. ನಗರಗಳಿಗೆ ಸಾಧ್ಯವಾದುದು ಹಳ್ಳಿಗಳಿಗೇಕೆ ಸಾಧ್ಯವಾಗದು? ಪಂಚಾಯತಿಯ ಹಿರಿಯರು, ಗುಡಿಯ ಪೂಜಾರಿ, ತಲಾಟಿ, ಶಾಲೆಯ ಗುರುಗಳು ಕೂಡಿ ಊರಿಗೊಂದು ಸ್ಮಾರಕ ಸಮಿತಿಯನ್ನು ರಚಿಸಲಿ. ಊರಿನ ಪ್ರತಿಯೊಂದು ಶಾಸನ, ವೀರಗಲ್ಲು, ಬಾವಿ, ಗುಡಿಗಳನ್ನು ಒಂದು ವಹಿಯಲ್ಲಿ ಬರೆದಿಡಲಿ, ಛಾಯಾಚಿತ್ರ ತೆಗೆಯಲಿ, ಹೊಸದಾಗಿ ಸಿಕ್ಕುದನ್ನು ಪುರಾತತ್ತ್ವ ಇಲಾಖೆಗೆ ತಿಳಿಸಲಿ. ಪರಂಪರೆಯ ರಕ್ಷಣೆ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೇ ಹೇಳುತ್ತದೆ.

ಒಂದು ಮಾತು ಪಾಲಕರಿಗೆ. ಈ ಸೀಮೆಯ ಕನ್ನಡ ಕಲ್ಲುಗಳನ್ನು ಓದಬಲ್ಲ ಕಣ್ಣು ಕನ್ನಡ ಶಾಲೆಯಲ್ಲಿ ತೆರೆಯಬೇಕು. ಆ ಶಾಲೆಗಳು ಬರಿದಾದರೆ ಶಾಸನಗಳು ನಿಂತಲ್ಲಿಯೇ ಮೂಕವಾದಾವು. ಕಲ್ಲನ್ನೂ ಅದನ್ನು ಓದುವ ಮಕ್ಕಳನ್ನೂ ಒಟ್ಟಿಗೆ ಕಾಯೋಣ.