ಕ್ಯಾಸನೂರಿನ ಜ್ವರ, ಫಾತೋರ್ಡಾದ ಕೆಂಪು ಚುಕ್ಕೆ

ಫಾತೋರ್ಡಾ ಅಂದರೆ ಗೋವಾದ ಮಡಗಾಂವಿಗೆ ಅಂಟಿಕೊಂಡ ಊರು. ನನ್ನ ಕಿರಿಮಗ ಅಲ್ಲಿ ಗಾರೆ ಕೆಲಸ ಮಾಡ್ತಾನೆ. ಹಿಂದಿನ ಮಳೆಗಾಲದಲ್ಲಿ ಅವನಿಗೆ ಜ್ವರ ಅಂತ ಫೋನ್ ಬಂತು. ನಾನು ಹೋಗಿ ಮುಟ್ಟೋ ಹೊತ್ತಿಗೆ ಐದನೇ ದಿನ, ಜ್ವರ ಬಿಟ್ಟಿತ್ತು. "ನಾಳೆ ಕೆಲಸಕ್ಕೆ ಹೋಗ್ತೀನಿ ಅಪ್ಪಾ" ಅಂದ. ಆದರೆ ಮೊಣಕಾಲ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಸೊಳ್ಳೆ ಕಚ್ಚಿದ್ದು ಅಂದ. ಬೆರಳಿಂದ ಒತ್ತಿ ನೋಡಿದೆ, ಮಾಸಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬಂದಿತ್ತಂತೆ. ನನಗೆ ನಮ್ಮ ಸೀಮೆಯ ಹಳೇ ಕಥೆ ನೆನಪಾಗಿ ಕೈಕಾಲು ತಣ್ಣಗಾಯ್ತು.

ಅದು 1957ರ ಮಾತು, ನಾನಿನ್ನೂ ಹುಟ್ಟಿರಲಿಲ್ಲ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾಯ್ತು. ಸೌದೆಗೆ, ಸೊಪ್ಪಿಗೆ ಹೋದ ಜನವೂ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರವೋ ಏನೋ ಅಂತ ಮೊದಲು ಅನುಮಾನ ಇತ್ತು. ಕೊನೆಗೆ ಇದು ಹೊಸ ವೈರಸ್ಸು, ಕಾಡಿನ ಉಣುಗು ಕಚ್ಚಿ ಬರೋದು ಅಂತ ಗೊತ್ತಾಯ್ತು. ವೈದ್ಯರ ಪುಸ್ತಕದಲ್ಲಿ ಅದಕ್ಕೆ ನಮ್ಮ ಕಾಡಿನ ಹೆಸರೇ ಇದೆ. ಇಂಥ ಕೀರ್ತಿ ಯಾರಿಗೆ ಬೇಕಿತ್ತು! ನಾವು ಅನ್ನೋದು ಮಂಗನ ಕಾಯಿಲೆ.

ಅಪ್ಪನೂ ನನ್ನ ಹಾಗೇ ದೀಪಾವಳಿಗೆ ಅಂಟಿಗೆ ಪಂಟಿಗೆ ಹಾಡುತ್ತ ಮನೆಮನೆಗೆ ಜ್ಯೋತಿ ಒಯ್ತಿದ್ದವನು. ಆ ವರ್ಷ ಕೆಲವು ಅಂಗಳ ದಾಟಿ ಸುಮ್ಮನೆ ಮುಂದೆ ಹೋದ್ವಿ, ಅಲ್ಲಿ ಹಬ್ಬ ಇರಲಿಲ್ಲ, ಅಂತ ಹೇಳ್ತಿದ್ದ. ಒಮ್ಮೆಲೇ ಜ್ವರ, ತಲೆ ಸಿಡಿತ, ಸೊಂಟ ಮುರಿದ ಹಾಗೆ ನೋವು, ಕಣ್ಣು ಕೆಂಪು. ಆಮೇಲೆ ಕೆಲವರಿಗೆ ಮೂಗು, ವಸಡಲ್ಲಿ ರಕ್ತ, ಮಲ ಡಾಂಬರಿನ ಹಾಗೆ ಕಪ್ಪು. ಜ್ವರ ಬಿಟ್ಟಿತು ಅಂತ ನಂಬಬೇಡಿ ಅನ್ನೋದು ಅವನ ಮಾತು. ಅದು ಖರೆ. ಮಂಗನ ಕಾಯಿಲೆ ಕೆಲವರಿಗೆ ಒಂದೆರಡು ವಾರ ಬಿಟ್ಟು ತಿರುಗಿ ಬಂದು ತಲೆಗೇರುತ್ತೆ.

ಆ ರಕ್ತ ಯಾಕೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಗದ್ದೆಯ ಬದು ಒಡೆದರೆ ಹೆಂಟೆ ತುಂಬಿ ನೀರು ನಿಲ್ಲಿಸ್ತೀವಲ್ಲ, ರಕ್ತದಲ್ಲಿ ಆ ಹೆಂಟೆಯ ಕೆಲಸ ಪ್ಲೇಟ್‌ಲೆಟ್‌ನದು. ಇಟಲಿಯ ಬಿಜೊಜೆರೊ ಅನ್ನೋ ವೈದ್ಯ 1882ರಲ್ಲೇ ಅದರ ಕೆಲಸ ಬರೆದಿಟ್ಟಿದ್ದ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು.

ಮಗನಿಗೆ ಇದ್ದದ್ದು 34 ಸಾವಿರ. ಅವತ್ತು ರಾತ್ರೀನೇ ಆಸ್ಪತ್ರೆಗೆ ಹಾಕಿದೆ. ಇದು ಉಣುಗಿನದಲ್ಲ, ಸೊಳ್ಳೆಯ ಡೆಂಗಿ ಅಂದರು. ಆದರೂ ಡಾಕ್ಟರು ಗೇರುತೋಟಕ್ಕೆ, ಕಾಡಿಗೆ ಹೋಗಿದ್ದೆಯಾ ಅಂತ ಕೇಳಿದರು. ಕಾರಣ ಇದೆ. 2015ರಲ್ಲಿ ಮಂಗನ ಕಾಯಿಲೆ ಗೋವಾದ ಸತ್ತರಿ ತಾಲ್ಲೂಕಿಗೂ ಬಂದಿತ್ತು, ಗೇರುಬೀಜ ಆರಿಸೋರು ಸಿಕ್ಕಿಬಿದ್ದಿದ್ದರು.

ಡೆಂಗಿಯಲ್ಲಿ ಜ್ವರ ಇಳಿಯೋ ಹೊತ್ತೇ ಕಷ್ಟದ ಹೊತ್ತಂತೆ. ಹೊಟ್ಟೆನೋವು, ಬಿಡದ ವಾಂತಿ, ಚಡಪಡಿಕೆ, ತಣ್ಣನೆಯ ಕೈಕಾಲು ಕಂಡರೆ ತಡಮಾಡಬಾರದು. ನಮ್ಮಂಥ ಕಪ್ಪು ಮೈಯವರಿಗೆ ಚುಕ್ಕೆ ಬೇಗ ಕಾಣೋದಿಲ್ಲ, ಬಾಯಿ ಒಳಗೆ, ಕಣ್ಣ ರೆಪ್ಪೆ ಒಳಗೆ ನೋಡಬೇಕು. ಮೈನೋವಿಗೆ ಅಂಗಡಿಯಿಂದ ತಂದು ನುಂಗ್ತಿದ್ದ ಗುಳಿಗೆ ನೋಡಿ ಡಾಕ್ಟರು ಸಿಟ್ಟಾದರು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸ್ತವೆ, ಪ್ಯಾರಾಸಿಟಮಾಲ್ ಒಂದೇ ಸಾಕು ಅಂದರು. ಪಕ್ಕದ ಮಂಚದವರು ಪಪ್ಪಾಯಿ ಎಲೆ ರಸ ಕುಡಿಸಿ ಅಂದರು, ನಾನು ಒಪ್ಪಲಿಲ್ಲ. ಬರೀ ಸಲೈನ್, ದಿನಾ ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಏರಿಸೋ ಪ್ರಸಂಗ ಬರಲಿಲ್ಲ.

ನಾಲ್ಕು ದಿನಕ್ಕೆ ಲೆಕ್ಕ ಲಕ್ಷ ದಾಟಿತು. ಆ ದೀಪಾವಳಿಗೆ ಮಗ ಊರಿಗೆ ಬಂದು ನಮ್ಮ ತಂಡದಲ್ಲಿ ಎಣ್ಣೆ ಗಿಂಡಿ ಹಿಡಿದ.