ವಿದ್ಯುತ್ ತುರ್ತು ಸೇವೆಯಲ್ಲಿ ಜಿಐಎಸ್
ಬಿರುಗಾಳಿ, ಸಿಡಿಲು, ನೆರೆಯಿಂದ ಕರೆಂಟು ಹೋದಾಗ ದೋಷವಿರುವ ಜಾಗ ಹುಡುಕಿ, ಅಷ್ಟು ಭಾಗವನ್ನು ಮಾತ್ರ ಬೇರ್ಪಡಿಸಿ, ಉಳಿದ ಕಡೆ ಪೂರೈಕೆ ಮರಳಿಸಲು ನೆರವಾಗುವ ಗಣಕೀಕೃತ ನಕ್ಷಾ ವ್ಯವಸ್ಥೆ. 1960ರ ದಶಕದಲ್ಲಿ ಕೆನಡಾದ ಭೂಬಳಕೆ ಸಮೀಕ್ಷೆಗಾಗಿ ರೋಜರ್ ಟಾಮ್ಲಿನ್ಸನ್ ರೂಪಿಸಿದ ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಮುಂದೆ ವಿದ್ಯುತ್, ನೀರು ಪೂರೈಕೆ ಸಂಸ್ಥೆಗಳಿಗೂ ಹಬ್ಬಿತು.

ಕರ್ನಾಟಕದ ವಿತರಣಾ ಕಂಪನಿಗಳಿಗೆ ಇದು ಬಂದದ್ದು ವಿದ್ಯುತ್ ನಷ್ಟದ ಲೆಕ್ಕ ಹಿಡಿಯಲು. ತುರ್ತು ಬಳಕೆ ಆಮೇಲಿನದು. 2008ರಲ್ಲಿ ಕೇಂದ್ರ ಸರ್ಕಾರ ತಂದ ಆರ್-ಎಪಿಡಿಆರ್‌ಪಿ ಯೋಜನೆ 30,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಫೀಡರ್ (ಉಪಕೇಂದ್ರದಿಂದ ಹೊರಡುವ ಲೈನ್), ಟಿ.ಸಿ. (ವಿತರಣಾ ಟ್ರಾನ್ಸ್‌ಫಾರ್ಮರ್) ಇವುಗಳ ನಕ್ಷೆಗೂ ಗ್ರಾಹಕರ ಪಟ್ಟಿಗೂ ಹಣ ಕೊಟ್ಟಿತು. 2014ರ ಐಪಿಡಿಎಸ್ ಕೂಡ ಪಟ್ಟಣಗಳ ಯೋಜನೆಯೇ. ಹಳ್ಳಿಗಳು ಎರಡರಿಂದಲೂ ಹೊರಗುಳಿದದ್ದು ಈ ಇತಿಹಾಸದ ದೊಡ್ಡ ಕೊರತೆ.

ತುರ್ತಿನಲ್ಲಿ ಬೇಕಾಗುವುದು ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂಬ ಮಾಹಿತಿ. ಮನೆಯ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾವ ಟಿ.ಸಿ.ಗೆ, ಆ ಟಿ.ಸಿ. ಯಾವ 11 ಕೆ.ವಿ. ಫೀಡರ್‌ಗೆ, ಫೀಡರ್ ಯಾವ ಉಪಕೇಂದ್ರಕ್ಕೆ ಸೇರಿದೆ ಎಂಬುದು ದಾಖಲಾಗಿದ್ದರೆ ಸಹಾಯವಾಣಿ 1912ಕ್ಕೆ ಬಂದ ದೂರುಗಳೇ ದಾರಿ ತೋರಿಸುತ್ತವೆ. ದೂರುಗಳೆಲ್ಲ ಒಂದೇ ಟಿ.ಸಿ.ಯ ಮನೆಗಳವಾದರೆ ಮೊದಲು ಅದನ್ನೇ ನೋಡಬೇಕು. ಸಾಲಾಗಿ ಹಲವು ಟಿ.ಸಿ.ಗಳಿಗೆ ಕರೆಂಟು ಇಲ್ಲದಿದ್ದರೆ ಅವುಗಳ ಹಿಂದಿನ ಲೈನ್ ನೋಡಬೇಕು. ರಾತ್ರಿ ಮಳೆಯಲ್ಲಿ ಮೈಲುಗಟ್ಟಲೆ ಲೈನ್ ಹುಡುಕುತ್ತ ನಡೆಯುವ ಕೆಲಸ ಇದರಿಂದ ತಗ್ಗುತ್ತದೆ.

ನಕ್ಷೆ ತಪ್ಪಿದರೆ ಜೀವಕ್ಕೇ ಅಪಾಯ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್‌ಗಳ ಮತ್ತು ಊರಿನ ಫೀಡರ್‌ಗಳು ಬೇರೆಯಾದವು. ಹೀಗೆ ಅಕ್ಕಪಕ್ಕ ಬಂದ ಲೈನುಗಳಲ್ಲಿ ಯಾವುದಕ್ಕೆ ಲೈನ್ ಕ್ಲಿಯರ್ (ಪೂರೈಕೆ ನಿಲ್ಲಿಸಿ ಕೊಡುವ ಕೆಲಸದ ಅನುಮತಿ) ಸಿಕ್ಕಿದೆ ಎಂದು ಖಚಿತವಾಗದೆ ಪವರ್‌ಮ್ಯಾನ್ ಕಂಬ ಹತ್ತಬಾರದು. ಟಿ.ಸಿ. ಸುಟ್ಟು ಮನೆಗಳನ್ನು ಪಕ್ಕದ ಟಿ.ಸಿ.ಗೆ ಜೋಡಿಸಿದರೆ ನಕ್ಷೆಯನ್ನೂ ಅಂದೇ ತಿದ್ದಬೇಕು.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆಯ ಮಾಂಜ್ರಾ ದಂಡೆಯ ಊರುಗಳಿಗೆ ಇದರ ಅಗತ್ಯ ಹೆಚ್ಚು. ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಈ ನದಿಗೆ ಮಹಾರಾಷ್ಟ್ರದ ಧನೇಗಾಂವ ಜಲಾಶಯದಿಂದ ನೀರು ಬಿಟ್ಟರೆ ಕೆಳಗಿನ ಹೊಲಗಳಿಗೆ ನುಗ್ಗುತ್ತದೆ. ತಗ್ಗಿನ ಟಿ.ಸಿ.ಗಳನ್ನು ಮೊದಲೇ ಗುರುತಿಸಿಟ್ಟರೆ ನೀರು ಏರುವ ಮುನ್ನ ಅವಕ್ಕಷ್ಟೇ ಪೂರೈಕೆ ನಿಲ್ಲಿಸಿ, ಊರಿನ ಕುಡಿಯುವ ನೀರಿನ ಮೋಟಾರಿಗೆ ಕರೆಂಟು ಉಳಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಮಾಹಿತಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗಾಗಲೇ ಕೊಡುತ್ತಿದೆ. 2021ರ ಆರ್‌ಡಿಎಸ್‌ಎಸ್ ಯೋಜನೆಯಲ್ಲಿ ಫೀಡರ್, ಟಿ.ಸಿ.ಗಳಿಗೆ ತಾವೇ ಮಾಹಿತಿ ಕಳಿಸುವ ಮೀಟರ್ ಹಾಕಲು ನೆರವಿನ ಅವಕಾಶವಿತ್ತು. ಅದರ ವ್ಯಾಪ್ತಿಯಲ್ಲಿ ಹಳ್ಳಿಗಳೂ ಸೇರಿದ್ದವು.