ಮಾತು ಕೇಳಿಯೇ ಮಾನಸಿಕ ಕಾಯಿಲೆ ಮರುಕಳಿಸುವುದನ್ನು ಹೇಳಬಹುದೇ?

‘ನಿಮ್ಮ ಮಾತು ಕೇಳಿ ಸ್ಕಿಜೋಫ್ರೇನಿಯಾ ಬರುತ್ತದೋ ಇಲ್ಲವೋ ಎಂದು ಕಂಪ್ಯೂಟರ್ 100% ಸರಿಯಾಗಿ ಹೇಳುತ್ತದೆ’ – ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಪೂರ್ತಿ ಸುಳ್ಳಲ್ಲ. ಆದರೆ ಆ 100ರ ಹಿಂದೆ ಇದ್ದವರೆಷ್ಟು ಜನ?

ಬರೀ 34 ಜನ. ನ್ಯೂಯಾರ್ಕ್‌ನ ಈ ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ಕಾಯಿಲೆಯ ಅಪಾಯ ಹೆಚ್ಚಿದ್ದ ಯುವಜನರ ಸಂದರ್ಶನಗಳನ್ನು ಬರಹಕ್ಕಿಳಿಸಿ ಕಂಪ್ಯೂಟರಿನಲ್ಲಿ ವಿಶ್ಲೇಷಿಸಿದರು. ಎರಡೂವರೆ ವರ್ಷದೊಳಗೆ 5 ಮಂದಿಗೆ ಸೈಕೋಸಿಸ್ ಬಂತು. ಆ ಐವರನ್ನು ಉಳಿದ 29 ಮಂದಿಯಿಂದ ಲೆಕ್ಕಾಚಾರ ಸರಿಯಾಗಿ ಬೇರ್ಪಡಿಸಿತ್ತು. 2018ರಲ್ಲಿ ಲಾಸ್ ಏಂಜಲೀಸ್‌ನ ಯುವಜನರ ಮಾತಿನ ಮೇಲೆ ಇಂಥದ್ದೇ ವಿಧಾನ ಬಳಸಿದಾಗ ನಿಖರತೆ 83%ಕ್ಕೆ ಇಳಿಯಿತು. ಫಾರ್ವರ್ಡ್ ಆಗುವುದು ಮಾತ್ರ 100!

ಕಂಪ್ಯೂಟರ್ ನೋಡುವುದು ಏನನ್ನು? ಮುಖ್ಯವಾಗಿ ಒಂದು ವಾಕ್ಯಕ್ಕೂ ಮುಂದಿನದಕ್ಕೂ ಇರುವ ಅರ್ಥದ ನಂಟನ್ನು. ‘ಮಳೆ ಬಂತು, ಕೊಡೆ ತಂದಿರಲಿಲ್ಲ’ – ನಂಟಿದೆ. ‘ಮಳೆ ಬಂತು, ರೈಲು ಹಳಿ ಕಬ್ಬಿಣದ್ದು’ – ಎಳೆ ತಪ್ಪಿದೆ. ಇದರ ಜೊತೆಗೆ ವಾಕ್ಯಗಳ ಉದ್ದ, ಇಂಗ್ಲಿಷಿನ ‘ದಟ್’, ‘ವಿಚ್’ನಂಥ ಪದಗಳ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ನಮಗೆ ತೊಡಕು ಇಲ್ಲೇ. ‘ನಿನ್ನೆ ಬಂದ ಹುಡುಗ’ ಎನ್ನಲು ಕನ್ನಡಕ್ಕೆ ಅಂಥ ಪದವೇ ಬೇಡ. ‘ಬಂದ’ ಎಂಬುದರಲ್ಲೇ ಅದು ಸೇರಿಹೋಗಿದೆ. ಇಂಗ್ಲಿಷ್ ಮಾತಿಗೆ ಮಾಡಿದ ಅಳತೆಗೋಲನ್ನು ಹಾಗೇ ಕನ್ನಡಕ್ಕೆ ಹಿಡಿಯಲಾಗದು.

ಇನ್ನೊಂದು ಮಾತು. ಈ ಎರಡೂ ಅಧ್ಯಯನ ಕಾಯಿಲೆ ಮೊದಲ ಸಲ ಶುರುವಾಗುವ ಬಗ್ಗೆ. ಗುಣವಾದವರಲ್ಲಿ ಅದು ಮರುಕಳಿಸುವುದನ್ನು ಗುರುತಿಸುವುದು ಬೇರೆಯದೇ ಕೆಲಸ. ಅಲ್ಲಿ ಒಬ್ಬರ ಇಂದಿನ ಮಾತನ್ನು ಅವರದೇ ಹಿಂದಿನ ಮಾತಿನೊಂದಿಗೆ ಹೋಲಿಸಬೇಕು. ಮಾತ್ರೆಯ ಅಡ್ಡಪರಿಣಾಮದಿಂದಲೂ ಮಾತು ನಿಧಾನವಾಗುತ್ತದೆ, ನಿದ್ದೆಗೆಟ್ಟರೂ ಬದಲಾಗುತ್ತದೆ. ಸಂಶೋಧನೆ ನಡೆಯುತ್ತಿದೆ, ಭರವಸೆಯೂ ಇದೆ. ಆದರೆ ‘ಆ್ಯಪ್ ಸರಿಯಿದೆ ಅಂದಿತು’ ಎಂದು ಮಾತ್ರೆ ಬಿಟ್ಟರೆ ಅಪಾಯ ನಿಜವಾದದ್ದು: ಕಾಯಿಲೆ ಮರುಕಳಿಸಲು ದೊಡ್ಡ ಕಾರಣಗಳಲ್ಲೊಂದು ಔಷಧ ನಿಲ್ಲಿಸುವುದೇ.

ಮನೆಯವರ ಮಾತನ್ನು ಕದ್ದು ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ. ಮೊದಲೇ ಅನುಮಾನ ಕಾಡುವ ಕಾಯಿಲೆಯಿದು. ಗೊತ್ತಾದರೆ ನಿಮ್ಮ ಮೇಲಿನ ನಂಬಿಕೆಯೂ ಹೋದೀತು. ನಿದ್ದೆ ಕಡಿಮೆಯಾಗುವುದು, ಯಾರೊಂದಿಗೂ ಬೆರೆಯದಿರುವುದು, ಅನುಮಾನ ಹೆಚ್ಚುವುದು, ಮಾತಿನ ಎಳೆ ತಪ್ಪುವುದು – ಇವು ಕಂಡರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿಸಿ. ಸಲಹೆಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯಿದೆ: 14416. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.